ಮೆಟ್ಟಿಲು ಯಾರದು?

ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡ ಕಾಲವೊಂದಿತ್ತು. ಗಿರಣಿಯ ಕೂಗು ಕೇಳಿ ಊರು ಏಳುತ್ತಿತ್ತು, ಗಿರಣಿಯ ಕೂಗು ಕೇಳಿ ಊರು ಉಣ್ಣುತ್ತಿತ್ತು. ಆ ಗಿರಣಿಗಳಲ್ಲಿ ಬಹಳಷ್ಟು ಬಾಗಿಲು ಹಾಕಿದವು. ಅದರ ನೋವನ್ನು ನಮ್ಮ ಓದುಗರಿಗೆ ನಾವು ಹೇಳಿಕೊಡಬೇಕಾದ್ದಿಲ್ಲ. ಆದರೆ ಮೂಲ ಮ್ಯಾಂಚೆಸ್ಟರಿನ ಗಿರಣಿಗಳು ಏನಾದವು ಎಂಬುದನ್ನು ಬಲ್ಲವರು ಕಡಿಮೆ.

ಆ ಊರಿನ ಆಂಕೋಟ್ಸ್ ಭಾಗದಲ್ಲಿ ಮರ್ರೇ ಸಹೋದರರು 1798ರಲ್ಲಿ ಕಟ್ಟಿಸಲು ತೊಡಗಿದ ಹತ್ತಿ ಗಿರಣಿ ಇಂದಿಗೂ ನಿಂತಿದೆ. ಒಳಗೆ ಕದಿರುಗಳಿಲ್ಲ, ಹಬೆಯಂತ್ರವಿಲ್ಲ. ಕೂಲಿಕಾರರು ಧೂಳು ನುಂಗುತ್ತ ನೂಲು ತೆಗೆದ ಅಂತಸ್ತುಗಳು ವಾಸದ ಫ್ಲಾಟುಗಳಾಗಿವೆ. ಸುತ್ತಲಿನ ಹಲವು ಗಿರಣಿಗಳದೂ ಇದೇ ಕಥೆ. ಗಿರಣಿ ಹೋಯಿತು, ಮಾಲೀಕ ವರ್ಗ ಹೋಗಲಿಲ್ಲ. ಹಿಂದೆ ಅದು ಕದಿರಿನ ಒಡೆಯನಾಗಿತ್ತು, ಇಂದು ಮೆಟ್ಟಿಲಿನ ಒಡೆಯನಾಗಿದೆ.

ಮೆಟ್ಟಿಲಿನ ಒಡೆತನದಲ್ಲಿ ಏನಿದೆ ಎಂದು ನಗುವವರಿಗೆ ಈ ವಾರ ಬ್ರಿಟನ್ನಿನ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇವೆ. ಇದೂ ಎಳೆಯ ಕಥೆಯೇ. ಹತ್ತಿಯ ಎಳೆಯಲ್ಲ, ಗಾಜಿನ ಎಳೆ.

ಗಾಜಿನ ಎಳೆ ಮತ್ತು ವ್ಯಾಪಾರಿಯ ಮಾತು

ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಳಗೆ ಬೆಳಕನ್ನು ಹರಿಸಿ, ಆ ಬೆಳಕಿನ ಮೇಲೆ ಮಾತು, ಚಿತ್ರ, ಲೆಕ್ಕಪತ್ರ ಎಲ್ಲವನ್ನೂ ಕಳಿಸುವ ವಿದ್ಯೆ ಯಾವ ಕಂಪನಿಯ ಹಡೆದ ಕೂಸೂ ಅಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತನ್ನ ಗುರು ಹಾಪ್‌ಕಿನ್ಸರ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಲೋಕಕ್ಕೆ ತಿಳಿಸಿದರು. ಗಾಜಿನೊಳಗಿನ ಕಲ್ಮಶ ತೆಗೆದರೆ ಬೆಳಕು ಬಹುದೂರ ಹೋಗಬಲ್ಲದೆಂದು 1966ರಲ್ಲಿ ಇಂಗ್ಲೆಂಡಿನ ಹಾರ್ಲೋ ಪ್ರಯೋಗಾಲಯದಲ್ಲಿದ್ದ ಚಾರ್ಲ್ಸ್ ಕಾವೊ ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಜ್ಞಾನ ಎಲ್ಲರ ದುಡಿಮೆ. ಬಿಲ್ಲು ಮಾತ್ರ ಕೆಲವರದು.

ಹಳೆಯ ತಾಮ್ರದ ತಂತಿಗೂ ಈ ಎಳೆಗೂ ಇರುವ ವ್ಯತ್ಯಾಸವನ್ನು ಎತ್ತಿನ ಗಾಡಿಗೂ ರೈಲಿಗೂ ಹೋಲಿಸಬಹುದು. ತಾಮ್ರದಲ್ಲಿ ದೂರ ಹೆಚ್ಚಿದಂತೆ ಸಂದೇಶ ಸೊರಗುತ್ತದೆ. ಗಾಜಿನಲ್ಲಿ ಬೀದಿಯೇನು, ಹಲವು ಮೈಲಿ ದಾಟಿದರೂ ಬೆಳಕು ಕುಗ್ಗುವುದು ಅಲ್ಪ. ಒಂದೇ ಎಳೆಯನ್ನು ಬೀದಿಯಲ್ಲಿ 32 ಮನೆಗಳಿಗೆ ಕವಲೊಡೆಸಬಹುದು; ಕವಲಿಗೆ ವಿದ್ಯುತ್ತು ಬೇಡ.

ಬ್ರಿಟನ್ನಿನ ಕಂಪನಿಗಳು ಇದನ್ನು ಜನರಿಗೆ ಮಾರಿದ ಪರಿ ನಮ್ಮ ಜವಳಿ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾದೀತು. ಎಳೆಯನ್ನು ಬೀದಿ ಮೂಲೆಯ ಪೆಟ್ಟಿಗೆಯವರೆಗೆ ಮಾತ್ರ ತಂದು, ಅಲ್ಲಿಂದ ಮನೆಯವರೆಗೆ ಅದೇ ಹಳೆಯ ತಾಮ್ರವನ್ನು ಉಳಿಸಿ, ‘ಫೈಬರ್’ ಎಂದು ಹಣ ಎಣಿಸಿಕೊಂಡರು. ಟೆರಿಕಾಟನ್ನು ಶುದ್ಧ ಹತ್ತಿ ಎಂದು ಅಳೆದು ಕೊಟ್ಟ ಹಾಗೆ. ಜಾಹೀರಾತು ನೋಡಿಕೊಳ್ಳುವ ಅಲ್ಲಿಯ ಮಂಡಳಿ 2017ರಲ್ಲಿ ಇದರಲ್ಲಿ ಮೋಸವಿಲ್ಲವೆಂದಿತು. 2019ರಲ್ಲಿ ಹೈಕೋರ್ಟು ಕೂಡ ಆ ತೀರ್ಮಾನವನ್ನು ಬದಿಗೊತ್ತಲು ಒಪ್ಪಲಿಲ್ಲ. ಅರ್ಧವನ್ನು ಪೂರ್ತಿ ಎಂದು ಮಾರಿದ ಮೇಲೆ, ಪೂರ್ತಿಯನ್ನು ಮಾರಲು ಹೊಸ ಹೆಸರು ಬೇಕಲ್ಲವೇ? ‘ಫುಲ್ ಫೈಬರ್’ ಎಂಬ ಹೆಸರು ಹೀಗೆ ಬಳಕೆಗೆ ಬಂತು. ಎಳೆ ಮನೆಯೊಳಗಿನ ಗೋಡೆಯವರೆಗೆ ಬಂದರೆ ಅದು ಫುಲ್ ಫೈಬರ್.

ಬಾಗಿಲಲ್ಲಿ ನಿಂತ ಬೆಳಕು

ಸಾಲುಮನೆಯಲ್ಲಿದ್ದವನಿಗೆ ಈ ಎಳೆ ಸುಲಭ. ಕಂಬದಿಂದ ಗೋಡೆಗೆ, ಗೋಡೆಯಿಂದ ಒಳಗೆ. ಅರ್ಧ ದಿನದ ಕೆಲಸ. ಫ್ಲಾಟಿನಲ್ಲಿದ್ದವನ ಪಾಡು ಬೇರೆ. ಎಳೆ ಬೀದಿಗೆ ಬಂದಿರುತ್ತದೆ. ಕಿಟಕಿಯಿಂದ ಬಗ್ಗಿದರೆ ಕಂಪನಿಯ ಮುಚ್ಚಳವೂ ಕಾಣುತ್ತದೆ. ಆದರೆ ಅವನ ಬಾಗಿಲಿಗೂ ಬೀದಿಗೂ ನಡುವೆ ಇರುವ ಮೆಟ್ಟಿಲು, ಗೋಡೆ, ಕೊಳವೆ ಹಾಯುವ ಸಂದು ಅವನದಲ್ಲ.

ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಫ್ಲಾಟು ‘ಕೊಂಡವನು’ ಸಾಮಾನ್ಯವಾಗಿ ಕೊಳ್ಳುವುದು ಗೇಣಿಯನ್ನು. 99 ವರ್ಷ, 125 ವರ್ಷ, ಕೆಲವೆಡೆ 999 ವರ್ಷದ ಗೇಣಿ. ನೆಲ ಮತ್ತು ಕಟ್ಟಡ ‘ಫ್ರೀಹೋಲ್ಡರ್’ ಎಂಬ ಒಡೆಯನ ಹೆಸರಿನಲ್ಲೇ ಉಳಿಯುತ್ತದೆ. ಜೀವಮಾನದ ದುಡಿಮೆಯನ್ನು ಸಾಲಕ್ಕೆ ಸುರಿದ ಸಂಸಾರ ತನ್ನ ನಾಲ್ಕು ಗೋಡೆಯೊಳಗಿನ ಗಾಳಿಗೆ ಯಜಮಾನ. ಹೊಸ್ತಿಲು ದಾಟಿದರೆ ಅತಿಥಿ. ಹಳೆಯ ಗೇಣಿಗಳಲ್ಲಿ ನೆಲಬಾಡಿಗೆ ಎಂಬ ಕಪ್ಪವೂ ಉಂಟು. 2022ರ ಜೂನ್ 30ರಿಂದ ಹೊಸ ಗೇಣಿಗಳಲ್ಲಿ ಅದನ್ನು ಕಾನೂನು ಬಹುಮಟ್ಟಿಗೆ ನಿಲ್ಲಿಸಿತು. ಇದು ದೇವರು ಬರೆದ ಕಟ್ಟಳೆಯೇನಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ ವಾಸದ ಮನೆಗೆ ಇಂಥ ದೀರ್ಘ ಗೇಣಿ ಇಲ್ಲವೆನ್ನುವಷ್ಟು ಕಡಿಮೆ.

ಕಾಗೋಡನ್ನು ಬಲ್ಲ ಜಿಲ್ಲೆಗಳ ಜನಕ್ಕೆ ಇದನ್ನು ಬೇರೆ ವಿವರಿಸಬೇಕೆ? 1951ರಲ್ಲಿ ಸಾಗರದ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ. ಒಡೆತನ ದೊಡ್ಡ ಮಾತುಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೊಳಗದಲ್ಲಿ, ಮೆಟ್ಟಿಲಿನಲ್ಲಿ, ಬೀಗದ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಎಳೆ ಹಾಕುವ ಕಂಪನಿ ಫ್ಲಾಟಿನ ಕಟ್ಟಡದೊಳಗೆ ಕಾಲಿಡಲು ‘ವೇಲೀವ್’ ಎಂಬ ಒಪ್ಪಿಗೆ ಪತ್ರವನ್ನು ಒಡೆಯನಿಂದ ಪಡೆಯಬೇಕು. ಒಡೆಯ ಯಾರು? ಹಲವು ವೇಳೆ ಅವನು ಮನುಷ್ಯನೇ ಅಲ್ಲ, ಇನ್ನೊಂದು ಕಂಪನಿ. ಅದರ ವಿಳಾಸ ಕಡಲಾಚೆಯ ಯಾವುದೋ ದ್ವೀಪದಲ್ಲಿ ಇರಬಹುದು. ಅವನ ಪರವಾಗಿ ಬಾಡಿಗೆ, ದುರಸ್ತಿ ನೋಡಿಕೊಳ್ಳುವ ಏಜೆಂಟನೊಬ್ಬ. ಏಜೆಂಟನಿಗೆ ಬರೆದರೆ ಒಡೆಯನನ್ನು ಕೇಳಬೇಕೆನ್ನುತ್ತಾನೆ. ಒಡೆಯನಿಗೆ ಬರೆದರೆ ವಕೀಲರನ್ನು ಕೇಳಬೇಕೆನ್ನುತ್ತಾನೆ. ವಕೀಲರ ಶುಲ್ಕ ಯಾರು ಕೊಡಬೇಕೆಂದು ಮೂರು ತಿಂಗಳು ಪತ್ರ ಓಡಾಡುತ್ತದೆ. ಮೂರನೆಯ ಅಂತಸ್ತಿನ ಹುಡುಗಿಯ ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಕಟ್ಟಡದಲ್ಲಿ ತೂತು ಕೊರೆಯುವುದು ಹುಡುಗಾಟವಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದು 72 ಜನ ಸತ್ತರು. ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ದಾಟದಂತೆ ಪ್ರತಿ ತೂತನ್ನೂ ಸರಿಯಾಗಿ ಮುಚ್ಚಬೇಕು. ಹಳೆಯ ಕಟ್ಟಡದಲ್ಲಿ ಆಸ್ಬೆಸ್ಟಾಸ್ ಇದೆಯೇ ಎಂದು ನೋಡಬೇಕು. ಇದನ್ನು ಕೇಳುವ ಒಡೆಯ ತಪ್ಪು ಮಾಡುತ್ತಿಲ್ಲ. ಆದರೆ ಆ 72 ಜನರ ಹೆಣ ಬಿದ್ದದ್ದು ಎಳೆಯ ತೂತಿನಿಂದಲ್ಲ. ಕಟ್ಟಡದ ಮೈಗೆ ಹೊರಗಿನಿಂದ ಹೊದಿಸಿದ, ಹೊತ್ತಿ ಉರಿಯುವ ಹೊದಿಕೆಯಿಂದ. ಬಾಡಿಗೆದಾರರು ಅಪಾಯವಿದೆಯೆಂದು ಕೂಗಿದಾಗ ಕೇಳದ ಕಿವಿಗಳು, ಇಂಟರ್ನೆಟ್ಟು ಬೇಕೆಂದಾಗ ಮಾತ್ರ ಬೆಂಕಿಯ ಚಿಂತೆಯಿಂದ ಚುರುಕಾದರೆ, ಆ ಚಿಂತೆಯನ್ನು ನಾವು ಪೂರ್ತಿ ನಂಬಲಾರೆವು.

ಕಾನೂನು ಮಾಡಿದರು, ಯಾರಿಗಾಗಿ?

ಬ್ರಿಟನ್ನಿನ ಪಾರ್ಲಿಮೆಂಟು 2021ರ ಮಾರ್ಚಿಯಲ್ಲಿ ಗೇಣಿ ಕಟ್ಟಡಗಳ ದೂರಸಂಪರ್ಕಕ್ಕೆಂದೇ ಒಂದು ಕಾನೂನು ಮಾಡಿತು. ಅದು ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಜಾರಿಗೆ ಬಂದದ್ದು 2022ರ ಡಿಸೆಂಬರ್ 26ರಂದು. ಇಪ್ಪತ್ತೊಂದು ತಿಂಗಳು ಕಾನೂನೇ ಮೆಟ್ಟಿಲಲ್ಲಿ ನಿಂತಿತ್ತು!

ಅದರ ಸಾರ ಇಷ್ಟು. ಕಟ್ಟಡದೊಳಗಿನ ಒಬ್ಬರು ಸಂಪರ್ಕ ಕೇಳಿರಬೇಕು. ಕಂಪನಿ ಒಡೆಯನಿಗೆ ಪತ್ರ ಬರೆಯಬೇಕು. ಅವನು ಸುಮ್ಮನಿದ್ದರೆ ಎಚ್ಚರಿಕೆಯ ಪತ್ರಗಳು, ಕಡೆಯ ಪತ್ರ. ಆಮೇಲೂ ಸುಮ್ಮನಿದ್ದರೆ ಕಂಪನಿ ನ್ಯಾಯಮಂಡಳಿಗೆ ಹೋಗಿ, ಸೀಮಿತ ಅವಧಿಯವರೆಗೆ ಕಟ್ಟಡದೊಳಗೆ ಎಳೆ ಹಾಕುವ ಹಕ್ಕು ಪಡೆಯಬಹುದು.

ಓದುಗರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು: ಈ ಕಾನೂನು ಉತ್ತರ ಕೊಡದ ಒಡೆಯನಿಗೆ ಮಾತ್ರ. ‘ನಿಮ್ಮ ಪತ್ರ ತಲುಪಿತು, ಪರಿಶೀಲಿಸುತ್ತಿದ್ದೇವೆ’ ಎಂದು ಒಂದು ಸಾಲು ಬರೆದರೆ ಅವನು ಇದರ ಕೈಗೆ ಸಿಗುವುದಿಲ್ಲ. ಅವನ ಮೇಲೆ ಹೋಗಲು 2017ರ ಸಂಹಿತೆಯ ಉದ್ದದ, ದುಬಾರಿ ದಾರಿಯೇ ಗತಿ. ಮೂಕನನ್ನು ಹಿಡಿಯುವ ಬಲೆ. ನಾಲಗೆ ಇದ್ದವನು ಕಣ್ಣಿಯಿಂದ ನುಸುಳಿ ಹೋಗುತ್ತಾನೆ.

ಎರಡನೆಯದು ಇನ್ನೂ ದೊಡ್ಡದು. ನ್ಯಾಯಮಂಡಳಿಯ ಬಾಗಿಲು ತಟ್ಟುವ ಹಕ್ಕು ಕಂಪನಿಯದು. ಅಲ್ಲಿ ವಾಸಿಸುವವನದಲ್ಲ. ಅವನು ಕೇಳಬಹುದು, ಕಾಯಬಹುದು. ಕಂಪನಿ ಲಾಭನಷ್ಟ ಲೆಕ್ಕ ಹಾಕಿ, ‘ಆರು ಮನೆಯ ಈ ಹಳೆಯ ಕಟ್ಟಡಕ್ಕೆ ವಕೀಲರ ಖರ್ಚು ಗಿಟ್ಟುವುದಿಲ್ಲ’ ಎಂದು ಮುಂದಿನ ಬೀದಿಗೆ ನಡೆದರೆ ಅವನು ಯಾರನ್ನು ಕೇಳಬೇಕು? ಒಡೆಯ ಬಾಗಿಲು ತೆರೆಯಲಿಲ್ಲ, ಕಂಪನಿ ಬಾಗಿಲು ತಟ್ಟಲಿಲ್ಲ. ಇಬ್ಬರು ಬಂಡವಾಳಗಾರರ ನಡುವಿನ ವ್ಯವಹಾರದಲ್ಲಿ ಮನೆಯವನು ಹೊರಗಿನವನಾದ.

‘ಸ್ಪರ್ಧೆ’ಯ ಭಕ್ತರಿಗೆ

ಖಾಸಗಿ ಸ್ಪರ್ಧೆ ಎಲ್ಲವನ್ನೂ ಮನೆ ಬಾಗಿಲಿಗೆ ತರುತ್ತದೆ ಎಂದು ಪಾಠ ಹೇಳುವವರು ನಮ್ಮ ಊರಲ್ಲೂ ಉಂಟು. ಅಂಕಿಯನ್ನು ನಾವು ಮುಚ್ಚಿಡುವುದಿಲ್ಲ. 2019ರಲ್ಲಿ ಬ್ರಿಟನ್ನಿನ ನೂರು ಮನೆಗಳಲ್ಲಿ ಹತ್ತರಷ್ಟಕ್ಕೆ ಮಾತ್ರ ಫುಲ್ ಫೈಬರ್ ಎಟಕುತ್ತಿತ್ತು; 2024ರ ಮಧ್ಯದ ಹೊತ್ತಿಗೆ ನೂರಕ್ಕೆ 69. ಕೆಲಸ ಆಗಿದೆ. ಆದರೆ ಆದ ಬಗೆ ಎಂಥದು? ಒಂದೇ ಬೀದಿಯನ್ನು ಮೂರು ಕಂಪನಿಗಳು ಮೂರು ಸಲ ಅಗೆದ ಊರುಗಳಿವೆ. ಹಲ್ ಎಂಬ ನಗರದಲ್ಲಿ ಹೊಸ ಹೊಸ ಕಂಪನಿಗಳು ನೆಟ್ಟ ಕಂಬಗಳ ವಿರುದ್ಧ ನಿವಾಸಿಗಳೇ ಬೀದಿಗಿಳಿದರು. ಸುಲಭದ ಬೀದಿಗೆ ಮೂರು ಎಳೆ, ಕಷ್ಟದ ಮೆಟ್ಟಿಲಿಗೆ ಒಂದೂ ಇಲ್ಲ. ಸ್ಪರ್ಧೆ ಕೆನೆಗೆ ಮಾತ್ರ. ತಳಕ್ಕೆ ಯಾರೂ ಕೈ ಹಾಕುವುದಿಲ್ಲ.

ಅದೇ ಹಲ್ ನಗರದ ಚರಿತ್ರೆ ಓದತಕ್ಕದ್ದು. 1904ರಲ್ಲಿ ಅಲ್ಲಿಯ ನಗರಸಭೆ ತನ್ನದೇ ದೂರವಾಣಿ ಕೇಂದ್ರ ತೆರೆಯಿತು. ದೇಶದ ಉಳಿದ ಕಡೆ ಫೋನಿನ ಗೂಡುಗಳು ಕೆಂಪು, ಹಲ್‌ನಲ್ಲಿ ಕೆನೆ ಬಣ್ಣ! ಸುಮಾರು ಒಂದು ಶತಮಾನ ಆ ದೂರವಾಣಿ ಊರಿನ ಆಸ್ತಿಯಾಗಿತ್ತು. 1999ರಲ್ಲಿ ಅದನ್ನು ಷೇರುಪೇಟೆಗೆ ಬಿಟ್ಟರು. 2019ರಲ್ಲಿ ಫುಲ್ ಫೈಬರ್ ಪೂರೈಸಿದ ಮೊದಲ ನಗರ ಎಂಬ ಕೀರ್ತಿ ಹಲ್‌ಗೆ ಬಂದಾಗ ಅದರ ಒಡೆತನ ಖಾಸಗಿಯವರದಾಗಿತ್ತು. ಆದರೆ ಇಡೀ ಊರನ್ನು ಒಂದು ಘಟಕವೆಂದು ಎಣಿಸಿ ಜಾಲ ಹಾಸಿದ ಬುನಾದಿ ನಗರಸಭೆಯದು. ನೆಟ್ಟವರು ಜನ, ಹಣ್ಣು ತಿಂದವರು ಷೇರುದಾರರು.

ಉತ್ತರ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ‘ಬಿ ಫೋರ್ ಆರ್ ಎನ್’ ಎಂಬ ಸಹಕಾರಿ ಮಾದರಿಯ ಸಂಘವಿದೆ. ಹಳ್ಳಿಯವರಿಗೆ ಲಾಭವಿಲ್ಲವೆಂದು ಕಂಪನಿಗಳು ಬೆನ್ನು ತಿರುಗಿಸಿದಾಗ 2011ರಲ್ಲಿ ರೈತರೂ ನಿವಾಸಿಗಳೂ ಸೇರಿ ಅದನ್ನು ಕಟ್ಟಿದರು. ತಮ್ಮ ಹೊಲದಲ್ಲಿ ತಾವೇ ಕಾಲುವೆ ತೋಡಿ, ಎಳೆ ಹಾಸಿ, ಲಂಡನ್ನಿನವರೂ ಕರುಬುವ ವೇಗವನ್ನು ಹಳ್ಳಿಗೆ ತಂದರು. ಅಲ್ಲಿ ದಾರಿ ಬಿಟ್ಟುಕೊಟ್ಟವನು ಜಮೀನಿನ ಒಡೆಯನೇ. ಯಾಕೆ? ಎಳೆ ಅವನದೂ ಆಗಿತ್ತು. ಒಡೆತನ ಹಂಚಿಕೊಂಡಲ್ಲಿ ವೇಲೀವ್ ಒಂದು ದಿನದ ಮಾತು.

ಅಣಕಿಸಿದರು, ಆಮೇಲೆ ಬಾಗಿಲು ಹಾಕಿಕೊಂಡರು

ಬ್ರಿಟನ್ನಿನ ದೂರವಾಣಿ ಹಿಂದೆ ಅಂಚೆ ಇಲಾಖೆಯದಾಗಿತ್ತು. 1984ರ ನವೆಂಬರಿನಲ್ಲಿ ಥ್ಯಾಚರ್ ಸರಕಾರ ಅದರ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಮಾರಿತು. ಮೂವತ್ತೈದು ವರ್ಷಗಳ ನಂತರ, 2019ರ ನವೆಂಬರಿನಲ್ಲಿ, ಲೇಬರ್ ಪಕ್ಷ ಒಂದು ಮಾತು ಕೊಟ್ಟಿತು: ಜಾಲವನ್ನು ಮತ್ತೆ ಸಾರ್ವಜನಿಕ ಒಡೆತನಕ್ಕೆ ತಂದು, 2030ರೊಳಗೆ ಪ್ರತಿ ಮನೆಗೂ ಅಂಗಡಿಗೂ ಫುಲ್ ಫೈಬರ್ ಉಚಿತವಾಗಿ ಕೊಡುತ್ತೇವೆ, ಸುಮಾರು 20 ಶತಕೋಟಿ ಪೌಂಡ್ ಖರ್ಚಾದೀತು, ನಡೆಸುವ ಹಣವನ್ನು ದೊಡ್ಡ ಅಂತರರಾಷ್ಟ್ರೀಯ ತಂತ್ರಜ್ಞಾನ ಕಂಪನಿಗಳ ತೆರಿಗೆಯಿಂದ ತರುತ್ತೇವೆ.

ಎಂಥ ಗಲಾಟೆ! ‘ಬ್ರಾಡ್‌ಬ್ಯಾಂಡ್ ಕಮ್ಯುನಿಸಂ’ ಎಂದು ಅಣಕಿಸಿದರು. ಡಿಸೆಂಬರ್ 12ರ ಚುನಾವಣೆಯಲ್ಲಿ ಲೇಬರ್ ಸೋತಿತು. ಮೂರು ತಿಂಗಳು ಕಳೆಯಿತು. 2020ರ ಮಾರ್ಚಿಯಲ್ಲಿ ಕೊರೋನಾ ಬಂದು ಇಡೀ ದೇಶ ಬಾಗಿಲು ಹಾಕಿಕೊಂಡಿತು. ಶಾಲೆ ಪರದೆಯ ಮೇಲೆ, ವೈದ್ಯರು ಪರದೆಯ ಮೇಲೆ, ಕೆಲಸ ಪರದೆಯ ಮೇಲೆ. ಭೋಗದ ವಸ್ತು ಎಂದು ನಕ್ಕವರೆಲ್ಲ ಆ ಎಳೆಯನ್ನೇ ಹಿಡಿದು ಕೂತರು. 2025ರೊಳಗೆ ದೇಶಕ್ಕೆಲ್ಲ ಗಿಗಾಬಿಟ್ ವೇಗ ಎಂದು ಗೆದ್ದು ಬಂದ ಕನ್ಸರ್ವೇಟಿವ್ ಸರಕಾರ, 2020ರ ನವೆಂಬರಿನಲ್ಲಿ ಆ ಗುರಿಯನ್ನು ಸದ್ದಿಲ್ಲದೆ ನೂರಕ್ಕೆ 85ಕ್ಕೆ ಇಳಿಸಿತು. ಉಳಿದ ಹದಿನೈದು ಮನೆಗಳು ಯಾರವು? ನಮ್ಮಂಥವರವು ಎಂದು ಊಹಿಸಲು ಪಂಚಾಂಗ ಬೇಡ.

ಲೇಬರ್ ಪಕ್ಷವನ್ನೂ ನಾವು ಬಿಡುವುದಿಲ್ಲ. 2024ರ ಜುಲೈಯಲ್ಲಿ ಅದು ಅಧಿಕಾರಕ್ಕೆ ಬಂತು. ಆ ಸಲದ ಪ್ರಣಾಳಿಕೆ ಗೇಣಿ ಫ್ಲಾಟನ್ನು ಪಾಳೇಗಾರಿ ಪದ್ಧತಿಯೆಂದು ಕರೆದು ಕೊನೆಗಾಣಿಸುತ್ತೇವೆ ಎಂದಿತು, ಒಳ್ಳೆಯದು. ಆದರೆ ಜಾಲದ ರಾಷ್ಟ್ರೀಕರಣದ ಮಾತು ಅದರಲ್ಲಿ ಇರಲಿಲ್ಲ. ಸೋತಾಗ ಆಡಿದ ನಿಜವನ್ನು ಗೆಲ್ಲುವ ಹೊತ್ತಿಗೆ ನುಂಗುವ ಸಮಾಜವಾದಿಗಳನ್ನು ನಾವು ನಮ್ಮ ದೇಶದಲ್ಲೂ ಕಂಡಿದ್ದೇವೆ.

ಈ ವಿಳಂಬದ ಬೆಲೆ ತೆರುವವರು ಮುದುಕರು. ಅಲ್ಲಿಯ ಹಳೆಯ ದೂರವಾಣಿ ವ್ಯವಸ್ಥೆಯನ್ನು 2027ರ ಜನವರಿ 31ರ ಗಡುವಿಟ್ಟು ನಿಲ್ಲಿಸಲು ಹೊರಟರು. ಅದು ಮೊದಲು 2025ರ ಡಿಸೆಂಬರಿಗೆ ಇದ್ದ ಗಡುವು. ಕೊರಳಲ್ಲಿ ಗುಂಡಿ ಕಟ್ಟಿಕೊಂಡು, ಬಿದ್ದರೆ ಅದನ್ನು ಒತ್ತಿ ನೆರವು ಕರೆಯುವ ವೃದ್ಧರೂ ರೋಗಿಗಳೂ ಸುಮಾರು 18 ಲಕ್ಷ. ಹೊಸ ಫೋನು ಇಂಟರ್ನೆಟ್ಟಿನ ಮೇಲೆ ನಡೆಯುತ್ತದೆ. ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದಾಗ ಸಾಯುತ್ತದೆ. ಬದಲಾವಣೆಯಲ್ಲಿ ಕೆಲವರ ಗುಂಡಿ ಕೆಲಸ ಮಾಡದೆ ಅನಾಹುತವಾದ ಮೇಲೆ, 2023ರ ಡಿಸೆಂಬರಿನಲ್ಲಿ ಕಂಪನಿಗಳು ಬಲವಂತದ ಬದಲಾವಣೆಯನ್ನು ನಿಲ್ಲಿಸಬೇಕಾಯಿತು. ಹಳೆಯದನ್ನು ಕಿತ್ತುಕೊಳ್ಳಲು ತಾರೀಖು ಇದೆ. ಹೊಸದನ್ನು ನಾಲ್ಕನೆಯ ಅಂತಸ್ತಿಗೆ ಏರಿಸಲು ತಾರೀಖು ಇಲ್ಲ.

ನಮ್ಮ ಮೆಟ್ಟಿಲು

ಲಂಡನ್ನಿನ ಮಾತು ನಮಗೇಕೆ ಎನ್ನುವಿರಾ? ಅಲ್ಲಿ ನರ್ಸು ಕೆಲಸದ, ಕಂಪ್ಯೂಟರ್ ಕೆಲಸದ ನಮ್ಮ ಮಕ್ಕಳು ಇರುವುದು ಇಂಥ ಫ್ಲಾಟುಗಳಲ್ಲೇ. ಮೊಮ್ಮಗುವಿನ ಮುಖ ಫೋನಿನಲ್ಲಿ ಕಲ್ಲಿನಂತೆ ನಿಂತುಬಿಟ್ಟಾಗ ಇಲ್ಲಿಯ ಅಜ್ಜಿ ‘ನಮ್ಮ ನೆಟ್ಟೇ ಸರಿಯಿಲ್ಲ’ ಎಂದು ತನ್ನ ಫೋನನ್ನೇ ಬೈಯುತ್ತಾಳೆ. ಆದರೆ ಅದಕ್ಕಿಂತ ಹತ್ತಿರದ ಕಾರಣವೂ ಇದೆ.

ನಮ್ಮ ಪತ್ರಿಕೆಯ ಕಚೇರಿ ಇರುವುದು ಒಂದು ಬಾಡಿಗೆ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಕೆಳಗೆ ಅಂಗಡಿಗಳು. ಫೈಬರ್ ಎಳೆಯಲು ಬಂದ ಹುಡುಗ ಏಣಿ ಇಟ್ಟದ್ದೇ ತಡ, ಮಾಲೀಕರು ಬಂದರು.

“ನಮ್ಮ ಬಿಲ್ಡಿಂಗಿಗೆ ಒಬ್ಬರೇ ಸಾರ್ ಲೈನ್ ಕೊಡೋರು. ಬೇರೆಯವರನ್ನ ಹತ್ತಿಸಬೇಡಿ.”

“ಸಾಹುಕಾರ್ರೇ, ಬಾಡಿಗೆ ತಿಂಗಳು ತಿಂಗಳು ಕೊಡ್ತಾ ಇದೀವಲ್ಲ?”

“ಬಾಡಿಗೆ ರೂಮಿಗೆ ಸಾರ್. ಗೋಡೆಗಲ್ಲ.”

ಇಡೀ ಇಂಗ್ಲೆಂಡಿನ ಗೇಣಿ ಕಾನೂನನ್ನು ನಮ್ಮ ಮಾಲೀಕರು ಎರಡು ಮಾತಿನಲ್ಲಿ ಮುಗಿಸಿದರು! ಆ ‘ಒಬ್ಬರು’ ಕೊಟ್ಟ ಲೈನು ಸಂಜೆ ಹೊತ್ತು ಮಲಗುತ್ತದೆ. ಕೆಳಗಿನ ದರ್ಜಿ ಅಣ್ಣನ ಕೌಂಟರಿನಲ್ಲಿ ‘ಹಣ ಬಂದಿದೆ’ ಎನ್ನುವ ಪೆಟ್ಟಿಗೆ ಮೂಕಾಗುತ್ತದೆ. ಗಿರಾಕಿ ಕೊಟ್ಟೆ ಎನ್ನುತ್ತಾನೆ, ಇವರು ಬರಲಿಲ್ಲ ಎನ್ನುತ್ತಾರೆ. ಜಿಎಸ್‌ಟಿ ಲೆಕ್ಕದ ಕಡೆಯ ದಿನ ಪರದೆ ಸುತ್ತುತ್ತಲೇ ಇರುತ್ತದೆ. ದಂಡ ಮಾತ್ರ ಸುತ್ತುವುದಿಲ್ಲ, ನೆಟ್ಟಗೆ ಬರುತ್ತದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಡಿ ಘೋಷಣಾ ಪತ್ರ ನೋಂದಾಯಿಸಿದ ಕಟ್ಟಡದಲ್ಲಿ ಮೆಟ್ಟಿಲು, ಮಾಳಿಗೆ, ಓಡಾಡುವ ಜಾಗ ಫ್ಲಾಟಿನವರೆಲ್ಲರ ಸಾಮಾನ್ಯ ಆಸ್ತಿ. ಇಂಗ್ಲೆಂಡಿನ ಗೇಣಿದಾರನಿಗೆ ಇಲ್ಲದ ಹಕ್ಕು ಇದು. ಆದರೆ ಕಾಗದದಲ್ಲಿರುವ ಈ ಹಕ್ಕನ್ನು ಬಿಲ್ಡರನ ಕೈಯಿಂದ ಬಿಡಿಸಿಕೊಂಡ ಕಟ್ಟಡಗಳೆಷ್ಟು? ಬಾಡಿಗೆಯವರಿಗಂತೂ ಅದರ ನೆರಳೂ ಇಲ್ಲ. 2024ರ ಅಕ್ಟೋಬರಿನಲ್ಲಿ ಟ್ರಾಯ್ ಸಂಸ್ಥೆ ಸಂಪರ್ಕ ಚೆನ್ನಾಗಿರುವ ಕಟ್ಟಡಗಳಿಗೆ ನಕ್ಷತ್ರ ಕೊಡುವ ನಿಯಮ ತಂದಿತು. ನಕ್ಷತ್ರ ಬಾಗಿಲ ಮೇಲೆ ಮಿನುಗಲಿ, ಬೇಡವೆನ್ನುವುದಿಲ್ಲ. ನಕ್ಷತ್ರ ಮೆಟ್ಟಿಲು ಹತ್ತುವುದಿಲ್ಲ.

ಕೇರಳ 2023ರ ಜೂನ್ 5ರಂದು ‘ಕೆ-ಫೋನ್’ ಎಂಬ ಸರಕಾರಿ ಜಾಲವನ್ನು ಆರಂಭಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಅದರ ಗುರಿ. ಮೊದಲ ಹಂತಕ್ಕೆ ಎತ್ತಿಕೊಂಡದ್ದು 14,000 ಮನೆಗಳನ್ನು. ಗುರಿ ದೊಡ್ಡದು, ಹೆಜ್ಜೆ ಚಿಕ್ಕದು ಎಂದು ನಾವೂ ಹೇಳುತ್ತೇವೆ. ಆದರೆ ಹೆಜ್ಜೆ ಇಟ್ಟವರನ್ನು ನಿಧಾನವೆಂದು ಬೈಯುವ ಹಕ್ಕು, ಕೂತಲ್ಲಿಂದ ಏಳದವರಿಗೆ ಇಲ್ಲ.

ನಮ್ಮ ಬೇಡಿಕೆ

ಬ್ರಿಟನ್ನಿನ ಅನುಭವ ಎರಡು ಪಾಠ ಹೇಳುತ್ತದೆ. ತಂತಿ ಖಾಸಗಿಯವರದಾದರೆ ಅದು ಲಾಭವಿದ್ದ ಕಡೆಗೆ ಹರಿಯುತ್ತದೆ. ತಂತಿ ಸಾರ್ವಜನಿಕವಾದರೂ ಮೆಟ್ಟಿಲು ಒಬ್ಬನದೇ ಆಗಿದ್ದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ. 2019ರ ಲೇಬರ್ ಯೋಜನೆ ಗೆದ್ದಿದ್ದರೂ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಆದ್ದರಿಂದ ಎರಡನ್ನೂ ಒಟ್ಟಿಗೆ ಕೇಳಬೇಕು.

1. ನೀರು, ವಿದ್ಯುತ್ತಿನಂತೆ ಇಂಟರ್ನೆಟ್ ಸಂಪರ್ಕವನ್ನೂ ಪಡೆಯುವ ಹಕ್ಕು ವಾಸಿಸುವವನದಾಗಬೇಕು. ಸ್ವಂತದವನಿರಲಿ, ಬಾಡಿಗೆಯವನಿರಲಿ, ಮಳಿಗೆಯ ಚಿಕ್ಕ ವ್ಯಾಪಾರಿಯಿರಲಿ.

2. ಅರ್ಜಿ ಬಂದ ಇಂತಿಷ್ಟು ದಿನದೊಳಗೆ ಮಾಲೀಕ ಒಪ್ಪಬೇಕು, ಇಲ್ಲವೆ ಸುರಕ್ಷತೆಯ ಕಾರಣವನ್ನು ಬರೆದು ಕೊಡಬೇಕು. ‘ಪರಿಶೀಲಿಸುತ್ತಿದ್ದೇವೆ’ ಎಂಬುದು ಉತ್ತರವಲ್ಲ.

3. ಒಂದೇ ಕಂಪನಿಗೆ ಕಟ್ಟಡವನ್ನು ಬರೆದುಕೊಡುವ ಒಳ ಒಪ್ಪಂದಗಳು ಅಸಿಂಧುವಾಗಬೇಕು.

4. ಹೊಸ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಪ್ರತಿ ಮನೆಗೆ, ಪ್ರತಿ ಮಳಿಗೆಗೆ ಖಾಲಿ ಕೊಳವೆ ಇರಬೇಕು. ತೂತು ಮುಚ್ಚುವ ಜವಾಬ್ದಾರಿ ಕೊರೆದವನದು. ನೋಡುವ ಜವಾಬ್ದಾರಿ ನಗರಪಾಲಿಕೆಯದು.

5. ಲಾಭವಿಲ್ಲವೆಂದು ಬಿಟ್ಟ ಓಣಿಗಳಿಗೆ ಸಾರ್ವಜನಿಕ ಜಾಲ ಮೊದಲು ಹೋಗಬೇಕು.

ಎರಡು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ನಮ್ಮ ವ್ಯಾಪಾರಿ ಬಂಧುಗಳು ಇದರಿಂದ ನೊಂದುಕೊಳ್ಳಬೇಕಾಗಿಲ್ಲ. ಯಾರ ಗೋಡೆಯನ್ನೂ ನಾವು ಕಿತ್ತುಕೊಳ್ಳುವುದಿಲ್ಲ. ಕೂದಲಿನಷ್ಟು ಎಳೆ ಹೋಗಲು ದಾರಿ ಕೇಳುತ್ತೇವೆ. ನಾಳೆ ದೊಡ್ಡ ಮಾಲ್ ಮಾಲೀಕ ನಿಮ್ಮ ಮಗನ ಅಂಗಡಿಗೆ ಇದೇ ಮಾತು ಹೇಳಿದಾಗ ನೆನಪಾಗುವುದು ಈ ಬೇಡಿಕೆಯೇ.

ಬರುವ ವಾರ್ಡ್ ಸಭೆಗೆ ನಿಮ್ಮ ಕಟ್ಟಡದ ಎಲ್ಲ ಬಾಡಿಗೆದಾರರ ಸಹಿ ಹಾಕಿಸಿ ಒಂದು ಅರ್ಜಿ ತನ್ನಿ. ಒಬ್ಬೊಬ್ಬರೇ ಕೇಳಿದರೆ ಅದು ಬೇಡಿಕೆ ಅಲ್ಲ, ಬಿನ್ನಹ. ಇಪ್ಪತ್ತು ಜನ ಒಟ್ಟಾಗಿ ನಿಂತರೆ ಮೆಟ್ಟಿಲು ಯಾರದೆಂದು ಮೆಟ್ಟಿಲೇ ಹೇಳುತ್ತದೆ.